ಮೂರು ತಿಂಗಳ ಅಕ್ಕ, ಹನ್ನೆರಡು ವರ್ಷದ ಗುರು

ಧಾರವಾಡದಲ್ಲಿ ಸಂಗೀತದ ಮಾತು ಎತ್ತಿದರೆ ಸಾಕು, ಎದುರಿಗಿದ್ದವರು ಮನೆಮಂದಿಯ ಹೆಸರು ಹೇಳಿದಷ್ಟು ಸಲೀಸಾಗಿ ಹೇಳುತ್ತ ಹೋಗುತ್ತಾರೆ: ಕುಂದಗೋಳದ ಸವಾಯಿ ಗಂಧರ್ವರು, ಮಲ್ಲಿಕಾರ್ಜುನ ಮನಸೂರರು, ಗಂಗೂಬಾಯಿ ಹಾನಗಲ್ಲರು, ಬಸವರಾಜ ರಾಜಗುರುಗಳು, ಗದಗಿನ ಭೀಮಸೇನ ಜೋಶಿಯವರು. 1950ರ ಜನವರಿ 8ರಂದು ಇಲ್ಲಿ ಆಕಾಶವಾಣಿ ನಿಲಯ ಶುರುವಾದ ಮೇಲಂತೂ ಈ ದನಿಗಳು ಮನೆ ಮನೆಯ ಅಡುಗೆಕೋಣೆಗೂ ಬಂದವು. ಇಂಥ ಊರಿನ ಮಗ್ಗುಲಲ್ಲಿ 2002ರಲ್ಲಿ ಪರದೇಶದ ಮೂವರು ತರುಣರು ಸಂಗೀತ ಶಾಲೆ ತೆರೆಯುತ್ತಾರೆ ಎಂದಾಗ ಯಾರಾದರೂ ಹುಬ್ಬೇರಿಸಿದ್ದರೆ ಅದು ತಪ್ಪೇನಲ್ಲ. ನಮ್ಮ ಭೂಪಾಲಿ ರಾಗವನ್ನು ನಮ್ಮ ಮಕ್ಕಳಿಗೆ ಪರದೇಶದವರು ಬಂದು ಕಲಿಸಬೇಕೇನು?

ಅವರು ಕಲಿಸಲಿಲ್ಲ. ಕಲಿಸುವವರನ್ನು ತಂದು ಕೂರಿಸಿದರು. ಕಲಕೇರಿ ಸಂಗೀತ ವಿದ್ಯಾಲಯದ ಕಥೆಯಲ್ಲಿ ಮೊದಲು ಗಮನಿಸಬೇಕಾದ ಸಂಗತಿ ಇದು.

ಧಾರವಾಡದ ಪಶ್ಚಿಮಕ್ಕೆ ಎರೆಭೂಮಿ ಮುಗಿದು ಮಲೆನಾಡಿನ ಸೆರಗು ಕಾಣತೊಡಗುವಲ್ಲಿ ಕಲಕೇರಿ ಎಂಬ ಚಿಕ್ಕ ಹಳ್ಳಿಯಿದೆ. ಕೆನಡಾದ ಕ್ವಿಬೆಕ್ ಪ್ರಾಂತದ ಮ್ಯಾಥ್ಯೂ ಫೋರ್ಟಿಯೆ ಮತ್ತು ಅಗಾಥ್ ದಂಪತಿ, ಅವರ ಜೊತೆಗೆ ಇಂಗ್ಲೆಂಡಿನ ಆ್ಯಡಮ್ ವುಡ್‌ವರ್ಡ್ ಸೇರಿ ಅಲ್ಲಿ ವಸತಿ ಶಾಲೆ ಆರಂಭಿಸಿದರು. ಕೂಲಿ ಮಾಡುವವರ, ಹೊಲವಿಲ್ಲದವರ, ಒಂದೇ ಪಾಲಕರಿರುವ ಮನೆಗಳ ಮಕ್ಕಳಿಗೆ ಊಟ, ವಸತಿ, ಬಟ್ಟೆ, ಔಷಧ, ಶಾಲಾಪಾಠ, ಇವುಗಳ ಜೊತೆಗೆ ಸಂಗೀತ. ಯಾವುದಕ್ಕೂ ಶುಲ್ಕವಿಲ್ಲ. ಈಗ ಸುಮಾರು ಇನ್ನೂರು ಮಕ್ಕಳಿರುವ ಈ ಶಾಲೆಯಲ್ಲಿ ಗಾಯನ, ತಬಲಾ, ಸಿತಾರ್, ಬಾನ್ಸುರಿ, ವಯೋಲಿನ್, ಹಾರ್ಮೋನಿಯಂ, ಭರತನಾಟ್ಯ ಇವೆಲ್ಲ ಹವ್ಯಾಸದ ತರಗತಿಗಳಲ್ಲ. ಗಣಿತ, ವಿಜ್ಞಾನಕ್ಕೆ ಇರುವಷ್ಟೇ ಗಂಭೀರವಾಗಿ ದಿನಚರಿಯ ಭಾಗ.

ಇಲ್ಲಿಗೆ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಬೇರೆ ಬೇರೆ ದೇಶಗಳ ಸ್ವಯಂಸೇವಕರು ಬಂದು ಹೋಗುತ್ತಿದ್ದಾರೆ. ಅವರಲ್ಲಿ ಹಲವರು ಬರುವಾಗ ಹೆಗಲಿಗೊಂದು ಗಿಟಾರ್ ನೇತುಹಾಕಿಕೊಂಡು ಬರುತ್ತಾರೆ ಎಂದು ಊಹಿಸುವುದು ಕಷ್ಟವಲ್ಲ. ಕಲಾಶಾಲೆ ಎಂದ ಮೇಲೆ ಕಲೆಯನ್ನೇ ಕಲಿಸಬೇಕು ಎಂಬ ಹುಮ್ಮಸ್ಸು ಸಹಜ. ಆದರೆ ಇಂಥ ಶಾಲೆಗೆ ಕಾಲಿಟ್ಟ ಒಂದೆರಡು ದಿನದಲ್ಲಿ ಅವರಿಗೆ ತಿಳಿಯುವುದು ಬೇರೆಯೇ: ಗಿಟಾರ್ ಬಾರಿಸುವವರು ಇಲ್ಲಿ ಯಾರಿಗೂ ತುರ್ತಾಗಿ ಬೇಕಾಗಿಲ್ಲ. ಬೇಕಾಗಿರುವುದು ಎಂಟನೆಯ ತರಗತಿಯ ಹುಡುಗನ ಇಂಗ್ಲಿಷ್ ಓದನ್ನು ತಾಳ್ಮೆಯಿಂದ ಕೇಳುವವರು, ತಲೆಯ ಹೇನು ತೆಗೆಯುವವರು, ಗ್ರಂಥಾಲಯದ ಪುಸ್ತಕಗಳಿಗೆ ರಟ್ಟು ಹಾಕುವವರು, ದಾನಿಗಳಿಗೆ ನೆಟ್ಟಗೆ ಪತ್ರ ಬರೆಯುವವರು.

ಹೀಗೇಕೆ ಎಂಬುದು ಈ ಸಂಗೀತದ ಸ್ವಭಾವದಲ್ಲೇ ಇದೆ. ಹಿಂದುಸ್ತಾನಿ ಗಾಯನಕ್ಕೆ ಕುಳಿತ ಮಗು ಮೊದಲ ಕೆಲವು ತಿಂಗಳು ಹೆಚ್ಚಾಗಿ ಷಡ್ಜ ಹಿಡಿದು ನಿಲ್ಲುವುದನ್ನೇ ಕಲಿಯುತ್ತದೆ. ಆಮೇಲೆ ಅಲಂಕಾರಗಳು, ಒಂದು ಸುಲಭದ ರಾಗ, ಮಧ್ಯಲಯದ ಒಂದು ಚೀಜು. ವಿಲಂಬಿತ ಖ್ಯಾಲ್ ಹಾಡಲು ವರ್ಷಗಳೇ ಬೇಕು. ತಬಲಾದಲ್ಲೂ ಅಷ್ಟೇ. ‘ಧಾ’ ಮತ್ತು ‘ನಾ’ ತಮ್ಮ ಜಾಗ ಕಂಡುಕೊಳ್ಳುವಷ್ಟರಲ್ಲಿ ಸ್ವಯಂಸೇವಕನ ವೀಸಾ ಮುಗಿದಿರುತ್ತದೆ. ಒಬ್ಬ ಗುರು ಒಂದು ಕ್ರಮದಲ್ಲಿ ಬೆರಳು ಇಡಿಸಿದ್ದನ್ನು ಇನ್ನೊಬ್ಬರು ಬಂದು ಬದಲಿಸಿ, ಮೂರನೆಯವರು ಮತ್ತೆ ತಿದ್ದಿದರೆ ಕೈ ಕೆಡುತ್ತದೆ. ಒಳ್ಳೆಯ ಮನಸ್ಸಿನಿಂದ ಕೆಡಿಸಿದರೂ ಕೆಟ್ಟ ಕೈ ಕೆಟ್ಟದ್ದೇ.

ಗುರುವಿನ ಬಳಿ ಎಷ್ಟು ಕಾಲ ಇರಬೇಕು ಎಂಬುದಕ್ಕೆ ಲೆಕ್ಕ ಬೇಕಾದರೆ ಕಲಕೇರಿಯಿಂದ ಪೂರ್ವಕ್ಕೆ ಗದಗಿನ ದಾರಿ ಹಿಡಿಯಬೇಕು. ಬಳ್ಳಾರಿ ಸೀಮೆಯ ಲಕ್ಷ್ಮೀಪುರದಲ್ಲಿ 1953ರಲ್ಲಿ ಹುಟ್ಟಿದ ವೆಂಕಟೇಶ ಕುಮಾರ್ ಜಾನಪದ ಹಾಡುಗಾರರ ಮನೆಯ ಹುಡುಗ. ಹನ್ನೆರಡರ ಆಸುಪಾಸಿನಲ್ಲಿ ಆ ಹುಡುಗನನ್ನು ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಕರೆತಂದು ಬಿಟ್ಟವರು ಸೋದರಮಾವ, ತೊಗಲುಗೊಂಬೆ ಆಟದ ಹೆಸರಾಂತ ಕಲಾವಿದ ಬೆಳಗಲ್ಲು ವೀರಣ್ಣನವರು. ಅಲ್ಲಿ ಪಂಡಿತ ಪುಟ್ಟರಾಜ ಗವಾಯಿಗಳ ಬಳಿ ಹುಡುಗ ಸುಮಾರು ಹನ್ನೆರಡು ವರ್ಷ ಉಳಿದ. ಊಟ ಆಶ್ರಮದ್ದು, ಪಾಠ ಆಶ್ರಮದ್ದು. 2016ರಲ್ಲಿ ಪದ್ಮಶ್ರೀ ಪಡೆದ ವೆಂಕಟೇಶ ಕುಮಾರರ ಗಾಯನವನ್ನು ಇಂದು ದೇಶವೆಲ್ಲ ಕೂತು ಕೇಳುತ್ತದೆ. ಆ ಹನ್ನೆರಡು ವರ್ಷಗಳನ್ನು ಮೂರು ಮೂರು ತಿಂಗಳ ತುಂಡು ಮಾಡಿ ನಲವತ್ತೆಂಟು ಜನರಿಗೆ ಹಂಚಿದ್ದರೆ ಏನಾಗುತ್ತಿತ್ತು ಎಂದು ಯಾರು ಬೇಕಾದರೂ ಊಹಿಸಬಹುದು.

ಪುಣ್ಯಾಶ್ರಮದ ಮಾತು ಬಂದಾಗ ಇನ್ನಷ್ಟು ಹೊತ್ತು ಅಲ್ಲೇ ನಿಲ್ಲಬೇಕು. ಬಡ ಮಕ್ಕಳಿಗೆ ಕಲಾಶಾಲೆ ಎಂಬ ಕಲ್ಪನೆ ಹೊರಗಿನಿಂದ ಬಂದದ್ದು ಎಂದು ನಂಬುವವರು ಈಗೀಗ ಹೆಚ್ಚಾಗಿದ್ದಾರೆ. ಈ ಆಶ್ರಮವೇ ಅವರಿಗೆ ಉತ್ತರ. ಅದನ್ನು ಕಟ್ಟಿದ, ಹಾನಗಲ್ಲ ತಾಲ್ಲೂಕಿನಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದು, ಸಂಗೀತ ಕಲಿತು, ತಮ್ಮ ಸುತ್ತ ಅಂಧ ಮತ್ತು ಅನಾಥ ಮಕ್ಕಳನ್ನು ಸೇರಿಸಿಕೊಂಡು ಅವರು ಊರೂರು ಅಲೆದರು. ಎಷ್ಟೋ ಕಾಲ ಅದು ಗೋಡೆಯಿಲ್ಲದ, ನಡೆದಾಡುವ ಶಾಲೆ. ಕೊನೆಗೆ ಗದಗಿನಲ್ಲಿ ನೆಲೆ ನಿಂತಿತು. 1944ರಲ್ಲಿ ಅವರು ತೀರಿಕೊಂಡಾಗ ಹೊಣೆ ಹೊತ್ತವರು ಶಿಷ್ಯ ಪುಟ್ಟರಾಜರು, ಅವರೂ ಅಂಧರೇ. 2010ರ ಸೆಪ್ಟೆಂಬರ್ 17ರಂದು ಕೊನೆಯುಸಿರೆಳೆಯುವವರೆಗೆ, ಎಂದರೆ ಅರವತ್ತಾರು ವರ್ಷ, ಅವರು ಆ ಶಾಲೆಯನ್ನು ನಡೆಸಿದರು.

ಹಣ ಎಲ್ಲಿಂದ ಬರುತ್ತಿತ್ತು? ಆಶ್ರಮಕ್ಕೆ ತನ್ನದೇ ನಾಟಕ ಕಂಪನಿಯಿತ್ತು. ಪುಟ್ಟರಾಜರೇ ನಾಟಕ ಬರೆದರು, ಹಾಡುಗಳಿಗೆ ರಾಗ ಹಾಕಿದರು, ಶಿಷ್ಯರು ಬಣ್ಣ ಹಚ್ಚಿದರು. ಆಟದ ದುಡ್ಡು ಆಶ್ರಮದ ಅಡುಗೆಮನೆಗೆ ಹೋಯಿತು. ಆಮೇಲಿನ ದಿನಗಳಲ್ಲಿ ಊರೂರಿನ ಭಕ್ತರು ಅವರನ್ನು ತಕ್ಕಡಿಯಲ್ಲಿ ಕೂರಿಸಿ ನಾಣ್ಯಗಳಿಂದ ತೂಗಿದರು. ಆ ತುಲಾಭಾರದ ನಾಣ್ಯಗಳೂ ಅದೇ ದಾರಿ ಹಿಡಿದವು. ಹಾಗೆ ನೋಡಿದರೆ ಅಲ್ಲಿ ಸ್ವಯಂಸೇವಕರು ಎಂಬ ಬೇರೆ ಪಂಗಡವೇ ಇರಲಿಲ್ಲ. ಕಣ್ಣಿದ್ದ ಹುಡುಗ ಕಣ್ಣಿಲ್ಲದವನ ಕೈ ಹಿಡಿದು ನಡೆಸುತ್ತಿದ್ದ, ದೊಡ್ಡವನು ಚಿಕ್ಕವನಿಗೆ ಸ್ವರ ಹೇಳಿಕೊಡುತ್ತಿದ್ದ, ಕಲಿತು ಹೊರಬಿದ್ದವನು ಗುರುಗಳ ಪುಣ್ಯತಿಥಿಗೆ ಬಂದು ಹಾಡಿ ಸೇವೆ ಸಲ್ಲಿಸುತ್ತಿದ್ದ.

ಕಂಬೋಡಿಯಾದಲ್ಲೂ ಇದಕ್ಕೆ ಹತ್ತಿರದ ಉದಾಹರಣೆ ಸಿಗುತ್ತದೆ. ಯುದ್ಧದಿಂದ ಓಡಿಬಂದವರು ಥಾಯ್ಲೆಂಡ್ ಗಡಿಯ ನಿರಾಶ್ರಿತರ ಶಿಬಿರದಲ್ಲಿದ್ದಾಗ ಫ್ರಾನ್ಸಿನ ಚಿತ್ರಕಲಾ ಶಿಕ್ಷಕಿ ವೆರೋನಿಕ್ ಡೆಕ್ರೋ ಅಲ್ಲಿನ ಮಕ್ಕಳಿಗೆ ಚಿತ್ರ ಬರೆಯಲು ಕಲಿಸಿದರು. ಆ ಮಕ್ಕಳು ಬೆಳೆದು, ಊರಿಗೆ ಮರಳಿ, 1994ರಲ್ಲಿ ಬಟ್ಟಂಬಾಂಗ್‌ನಲ್ಲಿ ‘ಫಾರ್ ಪೊನ್ಲೂ ಸೆಲ್ಪಾಕ್’ ಎಂಬ ಕಲಾಶಾಲೆ ಕಟ್ಟಿದರು. ಚಿತ್ರಕಲೆಯಿಂದ ಶುರುವಾದದ್ದು ಸಂಗೀತ, ನಾಟಕ, ಸರ್ಕಸ್ಸಿಗೆ ಹಬ್ಬಿತು. 2013ರಿಂದ ಅಂಕೋರ್ ದೇಗುಲಗಳ ಪಕ್ಕದ ಸಿಯೆಂ ರೀಪ್ ನಗರದಲ್ಲಿ ಅದರ ಸರ್ಕಸ್ ತಂಡ ಟಿಕೆಟ್ ಇಟ್ಟು ಆಟ ಕಟ್ಟುತ್ತಿದೆ, ಗಳಿಕೆಯಲ್ಲಿ ಶಾಲೆಗೂ ಪಾಲು ಇದೆ. ಹೊರಗಿನಿಂದ ಬಂದ ಒಬ್ಬಳೇ ಶಿಕ್ಷಕಿ ಅಷ್ಟು ಮಾಡಿದಳು ಎನ್ನುವುದು ಅರ್ಧ ಸತ್ಯ. ಆಕೆ ವರ್ಷಗಟ್ಟಲೆ ಆ ಶಿಬಿರದಲ್ಲಿ ಉಳಿದಳು, ಆಕೆಯ ಶಿಷ್ಯರು ಶಾಲೆಯನ್ನು ತಮ್ಮದಾಗಿಸಿಕೊಂಡರು. ಗದಗಿನ ನಾಟಕ ಕಂಪನಿಗೂ ಬಟ್ಟಂಬಾಂಗಿನ ಸರ್ಕಸ್ಸಿಗೂ ಪರಿಚಯವೇ ಇಲ್ಲದಿದ್ದರೂ ಎರಡರ ಲೆಕ್ಕಪುಸ್ತಕವೂ ಒಂದೇ ರೀತಿಯದು.

ಹಾಗಾದರೆ ಮೂರು ತಿಂಗಳಿಗೆ ಬರುವವರು ಬೇಡವೇ ಬೇಡವೇ? ಖಂಡಿತ ಬೇಕು. ಎಲ್ಲಿ ಬೇಕು ಎಂಬುದಷ್ಟೇ ಪ್ರಶ್ನೆ.

ಒಂದು ಸಣ್ಣ ಕೆಲಸವನ್ನೇ ಹತ್ತಿರದಿಂದ ನೋಡಬಹುದು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಈ ಭಾಗದ ಗಾಳಿಗೆ ತೇವ ಬರುತ್ತದೆ. ತಬಲಾದ ಚರ್ಮ ಆ ತೇವ ಕುಡಿದು ಸಡಿಲಾಗುತ್ತದೆ, ಸ್ವರ ಇಳಿಯುತ್ತದೆ. ಬಲಗೈಯ ತಬಲಾ, ಎಂದರೆ ದಾಯಾನ ಸುತ್ತ ಚರ್ಮದ ಪಟ್ಟಿಗಳ ಅಡಿಗೆ ಸಿಕ್ಕಿಸಿದ ಮರದ ಗಟ್ಟಾಗಳಿವೆಯಲ್ಲ, ಅವುಗಳನ್ನು ಸಣ್ಣ ಸುತ್ತಿಗೆಯಿಂದ ಕೆಳಕ್ಕೆ ತಟ್ಟಿ ಬಿಗಿ ಮಾಡಬೇಕು. ಒಂದು ಕಡೆ ತಟ್ಟಿ ಇನ್ನೊಂದು ಕಡೆ ಬಿಟ್ಟರೆ ಅಂಚಿನ ಒಂದು ಮೂಲೆ ಒಂದು ಸ್ವರ, ಎದುರು ಮೂಲೆ ಮತ್ತೊಂದು ಸ್ವರ. ಹತ್ತು ಜೋಡಿ ತಬಲಾ ಇದ್ದರೆ ಪಾಠಕ್ಕೆ ಮೊದಲು ಗುರುಗಳ ಅರ್ಧ ಗಂಟೆ ಇದರಲ್ಲೇ ಹೋಯಿತು. ಸಿತಾರ್ ಕಲಿಯುವ ಮಕ್ಕಳ ತಾಪತ್ರಯ ಬೇರೆ. ಬಲಗೈ ತೋರುಬೆರಳಿನ ಮಿಜ್ರಾಬ್ ಅಳತೆಗೆ ಕೂಡುವುದಿಲ್ಲ, ಎಡಗೈ ಬೆರಳ ತುದಿಗಳಲ್ಲಿ ತಂತಿ ಗೀರಿದ ಗೆರೆ. ಚಳಿಗಾಲದಲ್ಲಿ ಆ ಗೆರೆ ಒಡೆದು ಉರಿಯುತ್ತದೆ. ತಂತಿ ಹರಿದರೆ ಅದೇ ಅಳತೆಯ ತಂತಿ ಬೇಕು. ತಂಬೂರಿಯ ಸೋರೆ ಬುರುಡೆಯಲ್ಲಿ ಬಿರುಕು ಬಿಟ್ಟರೆ ಮಿರಜಿಗೇ ಒಯ್ಯಬೇಕು. ಧಾರವಾಡದಿಂದ ರೈಲಿನಲ್ಲಿ ಕೆಲವು ಗಂಟೆಗಳ ದಾರಿಯ ಆ ಊರಿನ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ಸಿಕ್ಕಿದೆ.

ಇದರಲ್ಲಿ ಯಾವುದಕ್ಕೂ ಸಂಗೀತ ವಿಶಾರದರೇ ಬೇಕೆಂದಿಲ್ಲ. ಕಿವಿ ನೆಟ್ಟಗಿರುವ, ಕೈ ಹದವಾಗಿರುವ ಒಬ್ಬರು ಮೊದಲ ವಾರ ಗುರುಗಳ ಪಕ್ಕ ಕೂತು ಕಲಿತರೆ ವಾದ್ಯಗಳ ಆರೈಕೆಯನ್ನು ವಹಿಸಿಕೊಳ್ಳಬಹುದು. ಯಾವ ವಾದ್ಯ ಯಾವಾಗ ದುರಸ್ತಿಗೆ ಹೋಯಿತು, ಯಾವ ತಂತಿ ಎಷ್ಟು ಉಳಿದಿದೆ ಎಂದು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟು ಹೋದರೆ ಮುಂದೆ ಬರುವವರು ಅಲ್ಲಿಂದಲೇ ಮುಂದುವರಿಯುತ್ತಾರೆ. ಆ ಅರ್ಧ ಗಂಟೆ ಗುರುಗಳಿಗೆ ಮರಳಿ ಸಿಕ್ಕಿತು, ಎಂದರೆ ಮಕ್ಕಳಿಗೆ ಸಿಕ್ಕಿತು. ಇಂಥ ಕೆಲಸದ ಫೋಟೊ ಚೆನ್ನಾಗಿ ಬರುವುದಿಲ್ಲ ಎಂಬುದು ನಿಜ.

ಫೋಟೊದ ಮಾತು ಸುಮ್ಮನೆ ಬಂದದ್ದಲ್ಲ. ಬಡ ಮಕ್ಕಳು, ಅದರಲ್ಲೂ ಗೆಜ್ಜೆ ಕಟ್ಟಿದ ಅಥವಾ ತಬಲಾ ಮುಂದೆ ಕೂತ ಬಡ ಮಕ್ಕಳು, ಕ್ಯಾಮೆರಾಕ್ಕೆ ಬಹಳ ಪ್ರಿಯರು. ಸಂದರ್ಶಕರು ಬಂದಾಗಲೆಲ್ಲ ಪಾಠ ನಿಲ್ಲಿಸಿ ಒಂದು ಸ್ವಾಗತಗೀತೆ ಹಾಡಿಸುವ ಚಾಳಿ ನಮ್ಮ ಎಷ್ಟೋ ಸಂಸ್ಥೆಗಳಲ್ಲಿದೆ. ಮಗು ರಂಗದ ಮೇಲೆ ಹಾಡುವುದು ಬೇರೆ, ಅತಿಥಿಯ ಮುಂದೆ ಹಾಜರಿ ಹಾಕುವುದು ಬೇರೆ. ಕಂಬೋಡಿಯಾದಲ್ಲಿ ಮಕ್ಕಳ ಹಕ್ಕಿನ ಸಂಘಟನೆಗಳು 2011ರಲ್ಲೇ ಮಕ್ಕಳನ್ನು ಪ್ರವಾಸಿಗರ ನೋಟದ ವಸ್ತು ಮಾಡಬೇಡಿ ಎಂದು ದೊಡ್ಡ ಪ್ರಚಾರ ನಡೆಸಿದವು. ಪ್ರವಾಸಿಗರ ಮರುಕವನ್ನು ನಂಬಿ ಹುಟ್ಟಿಕೊಂಡ ಅನಾಥಾಲಯಗಳಲ್ಲಿ ತಂದೆತಾಯಿ ಬದುಕಿರುವ ಮಕ್ಕಳೇ ಬಹುಪಾಲು ಎಂಬುದು ಬಯಲಾಗಿತ್ತು. ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿಯ ವಿರುದ್ಧ ಕಾಯ್ದೆ ತಂದಾಗ ಹೀಗೆ ಮಕ್ಕಳನ್ನು ಅನಾಥಾಲಯಕ್ಕೆ ಸಾಗಿಸುವುದನ್ನೂ ಆ ಗುಲಾಮಗಿರಿಯ ಒಂದು ರೂಪವೆಂದೇ ಪರಿಗಣಿಸಿತು.

ನಮ್ಮಲ್ಲಿ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ 2012ರ ಪೋಕ್ಸೊ ಕಾಯ್ದೆ ಬಂದ ಮೇಲೆ ಒಳ್ಳೆಯ ಶಾಲೆಗಳು ಹೊಸಬರ ಪೂರ್ವಾಪರ ವಿಚಾರಿಸದೆ ಒಳಗೆ ಬಿಡುವುದಿಲ್ಲ. ಇದನ್ನು ಅವಮಾನ ಎಂದುಕೊಳ್ಳುವ ಸ್ವಯಂಸೇವಕರಿದ್ದಾರೆ. ಅವರು ಮನೆಯಲ್ಲೇ ಉಳಿಯುವುದು ಎಲ್ಲರಿಗೂ ಕ್ಷೇಮ. ಸಂಗೀತ, ನೃತ್ಯದ ಪಾಠದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಮಗುವಿನ ಬೆನ್ನು ನೆಟ್ಟಗೆ ಮಾಡಬೇಕು, ಮಣಿಕಟ್ಟು ತಿದ್ದಬೇಕು, ಮುದ್ರೆ ಸರಿಪಡಿಸಬೇಕು, ಮುಟ್ಟದೆ ಕಲಿಸುವುದು ಕಷ್ಟ. ಹಾಗಾಗಿ ಪಾಠದ ಕೋಣೆಯ ಬಾಗಿಲು ತೆರೆದಿರಬೇಕು, ಮಗು ಒಬ್ಬಂಟಿಯಾಗಿ ಇರಕೂಡದು, ಮುಟ್ಟುವ ಮೊದಲು ಕೇಳಬೇಕು. ಗುರುವಿಗೂ ಇದೇ ನಿಯಮ, ಸಮುದ್ರ ದಾಟಿ ಬಂದ ಅಣ್ಣನಿಗೂ ಇದೇ.

ಇನ್ನು ಮಕ್ಕಳ ಮನಸ್ಸಿನ ವಿಚಾರ. ನಮ್ಮ ಕಡೆ ಹುಡುಗರು ಹೊಸಬರನ್ನು ಬೇಗ ಹಚ್ಚಿಕೊಳ್ಳುತ್ತಾರೆ. ಬಂದ ಮರುದಿನವೇ ಅಕ್ಕಾರು, ಅಣ್ಣಾರು. ವಾರ ಕಳೆಯುವಷ್ಟರಲ್ಲಿ ಅಕ್ಕನಿಗೆ ರೊಟ್ಟಿ ಬಡಿಯಲು ಕಲಿಸಿ, ಅದು ಭಾರತದ ನಕಾಶೆಯಾದಾಗ ಬಿದ್ದು ಬಿದ್ದು ನಕ್ಕು, ‘ಹಂಗಲ್ರೀ ಅಕ್ಕಾರ, ಹಿಂಗ’ ಎಂದು ಕೈ ತಿದ್ದುತ್ತಾರೆ. ಹೊರಡುವ ದಿನ ಬಂದಾಗ ಕೇಳುವ ಪ್ರಶ್ನೆ ಒಂದೇ: ‘ಮತ್ತ ಯಾವಾಗ ಬರ್ತೀರಿ?’ ಬರುವುದಿಲ್ಲ ಎಂದು ಗೊತ್ತಿದ್ದೂ ‘ಬೇಗ ಬರ್ತೀನಿ’ ಎನ್ನುವವರೇ ಹೆಚ್ಚು. ಆರು ವರ್ಷದ ಮಗು ಈ ಮಾತನ್ನು ನಂಬುತ್ತದೆ. ಹತ್ತು ವರ್ಷದ್ದು ನಂಬುವುದಿಲ್ಲ, ಮುಂದಿನ ಅಕ್ಕನಿಗೆ ಅಷ್ಟು ಹತ್ತಿರ ಹೋಗುವುದೂ ಇಲ್ಲ. ಮನೆಯಿಂದ ದೂರ ಹಾಸ್ಟೆಲಿನಲ್ಲಿ ಬೆಳೆಯುವ ಮಕ್ಕಳಿಗೆ ಬಿಟ್ಟುಹೋಗುವವರ ಸಾಲು ಹೊಸದೇನಲ್ಲ. ಆ ಸಾಲಿಗೆ ವರ್ಷಕ್ಕೆ ನಾಲ್ಕು ಹೆಸರು ಸೇರಿಸುವುದನ್ನು ಸೇವೆ ಎಂದು ಕರೆಯುವ ಮುನ್ನ ಯೋಚಿಸಬೇಕು.

ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ. ಬಂದ ದಿನವೇ ಎಲ್ಲರ ಮುಂದೆ ಹೊರಡುವ ತಾರೀಖು ಹೇಳಿಬಿಡಬೇಕು. ಮಲಗಿಸುವುದು, ಜ್ವರ ಬಂದಾಗ ಪಕ್ಕದಲ್ಲಿ ಕೂರುವುದು, ಮನೆಯ ಸುದ್ದಿ ಕೇಳುವುದು, ತಾಯಿಯಂಥ ಈ ಕೆಲಸಗಳು ವರ್ಷವಿಡೀ ಅಲ್ಲೇ ಇರುವ ಮೇಲ್ವಿಚಾರಕಿಯದಾಗಿರಬೇಕು. ಬಂದವರು ಆಕೆಗೆ ನೆರವಾಗಬೇಕೇ ಹೊರತು ಆಕೆಯ ಜಾಗಕ್ಕೆ ಬರಬಾರದು. ಆಕೆಗೆ ಇಂಗ್ಲಿಷ್ ಬರುವುದಿಲ್ಲ, ಇವರಿಗೆ ಕನ್ನಡ ಬರುವುದಿಲ್ಲ. ಬರುವ ಮುನ್ನ ಐವತ್ತು ಕನ್ನಡ ಮಾತು ಕಲಿತು ಬಂದವರು ಆಕೆಯಿಂದಲೇ ಅರ್ಧ ಕೆಲಸ ಕಲಿಯುತ್ತಾರೆ.

ಕ್ವಿಬೆಕ್‌ನ ಬಳಗ ಮಾಡಿದ ಇನ್ನೊಂದು ಕೆಲಸವನ್ನು ಇಲ್ಲಿ ನೆನೆಯಲೇಬೇಕು. ಕಲಕೇರಿಯ ಹಿಂದೆ ನಿಂತ ‘ಜಗತ್ತಿನ ಎಳೆಯ ಸಂಗೀತಗಾರರು’ ಎಂಬ ಅವರ ಸಂಸ್ಥೆ ಭಾರತದ ಬಡತನಕ್ಕಷ್ಟೇ ಮರುಗಿ ಕೂರಲಿಲ್ಲ. ಕ್ವಿಬೆಕ್ ನಗರ, ಮಾಂಟ್ರಿಯಲ್, ಶೆರ್‌ಬ್ರೂಕ್, ಕಿಟ್ಸಿಸಾಕಿಕ್ ಎಂಬ ಮೂಲನಿವಾಸಿಗಳ ಊರು, ಇಲ್ಲೆಲ್ಲ ತಮ್ಮದೇ ನಾಡಿನ ಬಡ ಮಕ್ಕಳಿಗೆ ಉಚಿತ ಸಂಗೀತ ಶಾಲೆಗಳನ್ನು ತೆರೆದರು. ಧಾರವಾಡದ ಪಕ್ಕದ ಹಳ್ಳಿಯಲ್ಲಿ ನಡೆದ ಪ್ರಯೋಗ ಕೆನಡಾಕ್ಕೆ ಮಾದರಿಯಾಯಿತು. ದೂರದ ಬಡವ ಸುಲಭವಾಗಿ ಕಾಣುತ್ತಾನೆ, ಪಕ್ಕದ ಓಣಿಯವನು ಕಾಣುವುದಿಲ್ಲ ಎಂಬ ದೂರು ಎಲ್ಲ ದೇಶದ ಸ್ವಯಂಸೇವಕರ ಮೇಲೂ ಇದೆ. ಈ ಬಳಗದ ಮೇಲೆ ಆ ದೂರು ಹೊರಿಸಲಾಗದು.

ನಮ್ಮವರ ಮೇಲೆ ಹೊರಿಸಬಹುದೇನೋ. ಧಾರವಾಡದಲ್ಲಿ ನಿವೃತ್ತ ಮಾಸ್ತರರಿಗೆ ಬರವಿಲ್ಲ. ಕರ್ನಾಟಕ ವಿಶ್ವವಿದ್ಯಾಲಯವಿದೆ, ಕೃಷಿ ವಿಶ್ವವಿದ್ಯಾಲಯವಿದೆ, ದಂತ ವೈದ್ಯಕೀಯ ಕಾಲೇಜಿದೆ. ಹಳ್ಳಿಯ ಕಲಾಶಾಲೆಯೊಂದಕ್ಕೆ ತಿಂಗಳಿಗೆರಡು ಶನಿವಾರ ಬಸ್ಸು ಹತ್ತಿ ಬಂದು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಸಂಜೆ ಮನೆಗೆ ಮರಳುವ ಮಾಸ್ತರರಿದ್ದರೆ, ಅವರಿಗೆ ವೀಸಾ ಬೇಡ, ಹೊರಡುವ ತಾರೀಖೂ ಇಲ್ಲ. ಐದು ವರ್ಷ ಹೀಗೆ ಬಂದರೆ ಒಂದು ತಂಡದ ಮಕ್ಕಳು ಐದನೆಯ ತರಗತಿಯಿಂದ ಹತ್ತನೆಯದಕ್ಕೆ ಏರುವುದನ್ನು ಅವರು ಕಣ್ಣಾರೆ ಕಾಣುತ್ತಾರೆ. ಸಂಗೀತ ಕಲಿತ ಮಗು ಸಂಗೀತಗಾರನೇ ಆಗಬೇಕೆಂದಿಲ್ಲ. ಹತ್ತನೆಯ ತರಗತಿಯಲ್ಲಿ ಗಣಿತ ಕೈಕೊಟ್ಟರೆ ಮುಂದೆ ಸಂಗೀತದ ಪದವಿಗೆ ಸೇರುವುದಕ್ಕೂ ಅದು ಅಡ್ಡ ಬರುತ್ತದೆ. ಕಲಾಶಾಲೆಯ ಗಣಿತದ ಮಾಸ್ತರರು ಕಲೆಗೆ ಮಾಡುವ ಉಪಕಾರ ಸಣ್ಣದಲ್ಲ.

ಇನ್ನು ಲೆಕ್ಕಪತ್ರ. ಕಲಾಶಾಲೆಗಳ ಬಗ್ಗೆ ಬರೆಯುವವರು ಇದನ್ನು ಹಾರಿಸಿಬಿಡುತ್ತಾರೆ, ಆದರೆ ಶಾಲೆ ಉಳಿಯುವುದೂ ಮುಳುಗುವುದೂ ಇಲ್ಲೇ. ಹೊರದೇಶದ ದೇಣಿಗೆಯ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಬಂತು. ಆಮೇಲೆ ಇಂಥ ದೇಣಿಗೆ ಯಾವ ಊರಿನ ಸಂಸ್ಥೆಗೇ ಬರಲಿ, ಮೊದಲು ಸ್ಟೇಟ್ ಬ್ಯಾಂಕಿನ ದಿಲ್ಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತದ ಖರ್ಚಿಗೆ ಬಳಸಬಹುದಾದ ಪಾಲು ಶೇಕಡಾ 50ರಿಂದ ಶೇಕಡಾ 20ಕ್ಕೆ ಇಳಿಯಿತು. ಒಂದು ಸಂಸ್ಥೆ ಪಡೆದ ಹಣವನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ. ಯಾವ ಖರ್ಚು ಆಡಳಿತದ್ದು, ಯಾವುದು ಪಾಠದ್ದು ಎಂದು ಬಿಡಿಸಿ ಬರೆಯಬೇಕು, ವರ್ಷದ ವಿವರವನ್ನು ಹೊತ್ತಿಗೆ ಸರಿಯಾಗಿ ಸಲ್ಲಿಸಬೇಕು. ನಮೂನೆಯಲ್ಲಿ ಎಡವಿದರೆ ಪರವಾನಗಿಗೇ ಕುತ್ತು.

ಹೊರಗಿನ ದೇಣಿಗೆಯನ್ನು ನೆಚ್ಚಿದ ಹಳ್ಳಿಯ ಕಲಾಶಾಲೆಯಲ್ಲಿ ಈ ನಮೂನೆಗಳ ಮುಂದೆ ಕೂರಬೇಕಾದವರು ಯಾರು? ಬಹಳ ಕಡೆ ಮುಖ್ಯೋಪಾಧ್ಯಾಯರೇ, ಪಾಠ ಬಿಟ್ಟು. ಹುಬ್ಬಳ್ಳಿಯ ಚಾರ್ಟರ್ಡ್ ಅಕೌಂಟೆಂಟ್ ಒಬ್ಬರು ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ನಾಲ್ಕು ನಾಲ್ಕು ದಿನ ಕೊಟ್ಟರೆ ಆ ಶಾಲೆಯ ತಬಲಾ ಮಾಸ್ತರರ ಪಗಾರ ನಿಲ್ಲುವುದಿಲ್ಲ. ಕಂಪ್ಯೂಟರ್ ಬಲ್ಲ ಒಬ್ಬರು ದೇಣಿಗೆಯ ಪಟ್ಟಿಯನ್ನು ಒಪ್ಪವಾಗಿ ಜೋಡಿಸಿಕೊಟ್ಟು, ಶಾಲೆಯ ಕಚೇರಿಯ ಹುಡುಗಿಗೆ ಅದನ್ನು ನಡೆಸಲು ಕಲಿಸಿದರೆ, ತಾವು ಹೋದ ಮೇಲೂ ಕೆಲಸ ನಡೆಯುತ್ತದೆ. ಕ್ವಿಬೆಕ್‌ನಿಂದ ಬಂದವರಾದರೆ ಅಲ್ಲಿನ ದಾನಿಗಳಿಗೆ ಫ್ರೆಂಚ್‌ನಲ್ಲಿ ಪತ್ರ ಬರೆಯಬಲ್ಲರು, ಧಾರವಾಡದಲ್ಲಿ ಕೂತು ಆ ಕೆಲಸ ಮಾಡಬಲ್ಲವರು ಹೆಚ್ಚು ಮಂದಿ ಇರಲಾರರು.

ಶಾಲೆಗಳಿಗೆ ಹೊಸ ವರ್ಷ ಮೇ ಕೊನೆಗೆ ಶುರು. ಮಕ್ಕಳು ರಜೆ ಮುಗಿಸಿ ಬರುತ್ತಾರೆ, ಹೊಸ ಮಕ್ಕಳು ಅಳುತ್ತ ಬರುತ್ತಾರೆ, ಮಳೆಯೂ ಬರುತ್ತದೆ. ಹಾಸಿಗೆ ಒಣಗಿಸಬೇಕು, ಯಾರಿಗೆ ಯಾವ ವಾದ್ಯ ಎಂದು ಗುರುಗಳು ನಿರ್ಧರಿಸಬೇಕು, ಕಣ್ಣಿನ, ಹಲ್ಲಿನ ತಪಾಸಣೆ ಆಗಬೇಕು, ತಬಲಾಗಳ ಗಟ್ಟಾ ತಟ್ಟಬೇಕು. ವಿದೇಶದ ಸ್ವಯಂಸೇವಕರಿಗೆ ಸಾಮಾನ್ಯವಾಗಿ ಇಷ್ಟವಾಗುವುದು ನವೆಂಬರಿನಿಂದ ಫೆಬ್ರುವರಿಯ ತಂಪಿನ ದಿನಗಳು. ಕೈ ಸಾಲದೆ ಹೋಗುವುದು ಜೂನ್, ಜುಲೈಯಲ್ಲಿ.